ಮಣ್ಣಿಗೆ ಹೆಪ್ಪು



ಕಾರ್ತಿಕ ಮಾಸದ ಕಡೆಯ ಸೋಮವಾರ ಹತ್ತಿರ ಬಂತೆಂದರೆ ನಮ್ಮ ಬಸವನಗುಡಿಯಲ್ಲಿ ಗಾಳಿಯೇ ಕಡಲೆಕಾಯಿ ವಾಸನೆಯಾಗುತ್ತದೆ. ಈ ಸಲ ಕಡಲೆಕಾಯಿ ಪರಿಷೆಗೆ ಇನ್ನೂ ನಾಲ್ಕು ದಿನ ಇತ್ತು. ಗಾಂಧಿ ಬಜಾರಿನಲ್ಲಿ ಹೂವಿನಂಗಡಿಗಳ ಸಾಲು ಮುಗಿಯುವ ಕಡೆ ಒಬ್ಬ ಅಜ್ಜಿ ಹಸಿ ಕಡಲೆಕಾಯಿಯನ್ನು ಗಿಡದ ಸಮೇತ ಕಟ್ಟು ಕಟ್ಟಿ ಇಟ್ಟುಕೊಂಡು ಕೂತಿದ್ದರು. ಬೇರಿನಲ್ಲಿ ಕೆಮ್ಮಣ್ಣು ಹಾಗೇ ಇತ್ತು. "ಅಜ್ಜಿ, ಒಂದು ಕಟ್ಟು ಕೊಡಿ, ಬೇರು ಮಾತ್ರ ಕತ್ತರಿಸಬೇಡಿ" ಅಂದೆ. "ಬೇರು ತಗೊಂಡೋಗಿ ಏನ್ಮಾಡ್ತೀಯವ್ವ, ಮನೆಯೆಲ್ಲ ಮಣ್ಣಾಯ್ತದೆ" ಅಂದರು. ಆದರೂ ಕತ್ತರಿಸದೆ ಕೊಟ್ಟರು.

ಮನೆಗೆ ತಂದು ತಾರಸಿಯ ಮೇಲೆ ಒಂದು ಬಕೆಟ್ ನೀರಿನಲ್ಲಿ ಬೇರನ್ನು ಅದ್ದಿ ಮೆಲ್ಲಗೆ ಅಲುಗಾಡಿಸಿದೆ. ಉಜ್ಜಲಿಲ್ಲ. ಮಣ್ಣು ಕಳಚಿ ನೀರು ಕೆಂಪಾಯಿತು. ಬಿಳಿ ಬೇರು ಕಾಣಿಸಿತು. ಬೇರಿನಿಂದ ಬೇರು ಕವಲೊಡೆಯುವ ಸಂದುಗಳಲ್ಲೆಲ್ಲ ಸಣ್ಣ ಸಣ್ಣ ಗಂಟುಗಳು: ಕೆಲವು ಸಾಸಿವೆಯಷ್ಟು, ಕೆಲವು ಕಾಳುಮೆಣಸಿನಷ್ಟು. ಒಂದನ್ನು ಉಗುರಿನಿಂದ ತಟ್ಟಿದರೆ ಸಾಕು, ಕಳಚಿ ಅಂಗೈಗೆ ಬಂತು. ಬ್ಲೇಡಿನಲ್ಲಿ ಸೀಳಿದೆ. ಕಾಯಿ ಬಲಿತ ಗಿಡವಾದ್ದರಿಂದ ದಪ್ಪ ಗಂಟುಗಳ ಒಳಗೆ ಕಂದುಹಸಿರು ಬಣ್ಣ, ಅವು ಮುಪ್ಪಾದವು. ಎಳೆಯ ಗಂಟಿನ ಒಳಗೆ ಮಾತ್ರ ನಸುಗೆಂಪು, ಮಗುವಿನ ಒಸಡಿನ ಹಾಗೆ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನ ನೆಂಟನೊಬ್ಬ ಆ ಗಂಟಿನಲ್ಲಿದ್ದಾನೆ, ಹೆಸರು ಲೆಗ್‌ಹಿಮೋಗ್ಲೋಬಿನ್. ಆ ಕೆಂಪು ಅವನದು.

ಆ ಗಂಟಿನೊಳಗೆ ವಾಸವಾಗಿರುವುದು ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡ ಅದನ್ನು ನೇರವಾಗಿ ಮುಟ್ಟಲಾರದು. ಯೂರಿಯಾ ಕಾರ್ಖಾನೆಯಲ್ಲಿ ಅದನ್ನು ಹಿಡಿಯಲು 400ರಿಂದ 500 ಡಿಗ್ರಿ ಶಾಖ ಬೇಕು, ಗಾಳಿಯ ಒತ್ತಡದ ನೂರಾರು ಪಟ್ಟು ಒತ್ತಡ ಬೇಕು. ಅದೇ ಕೆಲಸವನ್ನು ಈ ಸಾಸಿವೆಯಷ್ಟು ಗಂಟು, ಹೊಲದ ತಣ್ಣನೆ ಮಣ್ಣಿನಲ್ಲಿ, ಸದ್ದಿಲ್ಲದೆ ಮಾಡುತ್ತದೆ. ಗಿಡ ತನ್ನ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಬ್ಯಾಕ್ಟೀರಿಯಾಕ್ಕೆ ಕೊಡುತ್ತದೆ, ಬ್ಯಾಕ್ಟೀರಿಯಾ ಗಿಡಕ್ಕೆ ಸಾರಜನಕ ಕೊಡುತ್ತದೆ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಟ್ ಈ ಕೊಡುಕೊಳೆಯನ್ನು 1886ರಲ್ಲಿ ಲೋಕಕ್ಕೆ ಹೇಳಿದರು. ಎರಡು ವರ್ಷದ ಮೇಲೆ, 1888ರಲ್ಲಿ, ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ಇನ್ನು ಹತ್ತು ವರ್ಷ ತುಂಬುವುದರೊಳಗೆ ಜರ್ಮನಿಯಲ್ಲಿ ಅದನ್ನು ಬಾಟಲಿಯಲ್ಲಿಟ್ಟು ರೈತರಿಗೆ ಮಾರುತ್ತಿದ್ದರು. ಇವತ್ತು ನರ್ಸರಿಯಲ್ಲಿ ಕೊಂಡುತರುವ ಜೀವಾಣು ಗೊಬ್ಬರದ ಪ್ಯಾಕೆಟ್ಟಿನ ವಂಶ ಅಲ್ಲಿಂದ ಶುರು.

ಬ್ಯಾಕ್ಟೀರಿಯಾ ಎಂದರೆ ನಮ್ಮ ಬಡಾವಣೆಗಳಿಗೆ ಇನ್ನೊಂದು ನೆನಪೂ ಇದೆ. 1898ರಲ್ಲಿ ಬೆಂಗಳೂರು ಪೇಟೆಗೆ ಪ್ಲೇಗು ಬಂತು. ಇಕ್ಕಟ್ಟಾದ ಗಲ್ಲಿಗಳಿಂದ ಜನರನ್ನು ಹೊರಗೆ ತರಬೇಕೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಅಗಲ ರಸ್ತೆ, ಗಾಳಿ ಬೆಳಕು, ಮನೆಮನೆಗೂ ಹಿತ್ತಲು ಇಟ್ಟು ಕಟ್ಟಿದರು. ಚಾಮರಾಜಪೇಟೆ ಅದಕ್ಕೆ ಕೆಲವೇ ವರ್ಷ ಮುಂಚಿನದು. ಪ್ಲೇಗು ತರುವ ಬ್ಯಾಕ್ಟೀರಿಯಾವನ್ನು ಯೆರ್ಸಿನ್ ಎಂಬ ವಿಜ್ಞಾನಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದು ಆಗ ನಾಲ್ಕೇ ವರ್ಷವಾಗಿತ್ತು. ಒಂದು ಬ್ಯಾಕ್ಟೀರಿಯಾದ ಭಯದಿಂದ ಹುಟ್ಟಿದ ಹಿತ್ತಲುಗಳಲ್ಲಿ ಲೆಕ್ಕವಿಲ್ಲದಷ್ಟು ಒಳ್ಳೆಯ ಬ್ಯಾಕ್ಟೀರಿಯಾಗಳು ಅವರೆ, ಅಲಸಂದೆ, ಬದನೆ, ಹೀರೆ, ಪಡವಲಗಳನ್ನು ನೂರು ವರ್ಷ ಸಾಕಿದವು. ನನ್ನ ಅಜ್ಜಿಯ ಮನೆಯಲ್ಲಿ ಬಚ್ಚಲ ನೀರು ಬಾಳೆಗೆ ಹೋಗುತ್ತಿತ್ತು, ಸಗಣಿ ಗುಂಡಿಗೆ ಹೋಗುತ್ತಿತ್ತು, ಬಿದ್ದ ಎಲೆ ಬಿದ್ದಲ್ಲೇ ಕೊಳೆಯುತ್ತಿತ್ತು. ಅಂಗಡಿಯಿಂದ ಜೀವಾಣು ತರಬೇಕಾದ ಅಗತ್ಯ ಆ ಮಣ್ಣಿಗೆ ಇರಲಿಲ್ಲ.

ಈಗ ಹಿತ್ತಲು ತಾರಸಿಗೆ ಹತ್ತಿದೆ. ಮಣ್ಣಿನ ತೂಕವನ್ನು ತಾರಸಿ ತಡೆಯದು ಎಂದು ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್ ತುಂಬಿಸುತ್ತೇವೆ. ಸೈಟು ಅಗೆದು ಹಾಕಿದ ತಳದ ಮಣ್ಣನ್ನು ಲಾರಿಯವರು "ಕೆಮ್ಮಣ್ಣು" ಎಂದು ಮಾರುತ್ತಾರೆ, ಅದನ್ನು ಬೆರೆಸುತ್ತೇವೆ. ಹತ್ತಡಿ ಆಳದಿಂದ ಬಂದ ಆ ಮಣ್ಣಿನಲ್ಲಿ ಬೇರಿನ ಸಹವಾಸ ಬಲ್ಲ ಜೀವ ಕಡಿಮೆ. ಹೊಸ ಕೋಕೋಪೀಟಿನಲ್ಲಿ ಅದೂ ಕಡಿಮೆ. ಇಂಥ ಕುಂಡದಲ್ಲಿ ಹುರುಳಿಕಾಯಿ ಬೀಜ ಹಾಕಿ, ಒಂದೂವರೆ ತಿಂಗಳಾದ ಮೇಲೆ ಗಿಡ ಕಿತ್ತು ನೋಡಿ. ಬೇರು ಬೋಳಾಗಿರುತ್ತದೆ, ಒಂದು ಗಂಟೂ ಸಿಗದೇ ಇರಬಹುದು. ಎಲೆ ಹಳದಿ ತಿರುಗಿರುತ್ತದೆ.

ನನ್ನ ಮಾತಿನ ತಿರುಳು ಇಲ್ಲಿದೆ. ಜೀವಾಣು ಗೊಬ್ಬರವನ್ನು ಗೊಬ್ಬರವೆಂದು ಕರೆದದ್ದರಿಂದಲೇ ನಮಗೆ ತಪ್ಪು ತಿಳಿವಳಿಕೆಯಾಗಿದೆ. ಅದು ಹೆಪ್ಪು. ಹಾಲಿಗೆ ಹಾಕುವ ಹೆಪ್ಪು ಹೇಗೋ ಮಣ್ಣಿಗೆ ಹಾಕುವ ಇದೂ ಹಾಗೆ, ಎರಡೂ ಜೀವಂತ ಬ್ಯಾಕ್ಟೀರಿಯಾವೇ. ಹೆಪ್ಪಿನ ವಿಷಯದಲ್ಲಿ ನಮ್ಮ ಹೆಂಗಸರಿಗೆ ಯಾವ ವಿಜ್ಞಾನಿಯೂ ಪಾಠ ಹೇಳಬೇಕಾಗಿಲ್ಲ. ಹಾಲು ಸುಡುವಾಗ ಹಾಕಿದರೆ ಹೆಪ್ಪು ಸಾಯುತ್ತದೆ, ಬೆರಳು ಅದ್ದಿ ನೋಡಿ ಉಗುರುಬೆಚ್ಚಗಿದ್ದಾಗ ಹಾಕಬೇಕು. ಡಿಸೆಂಬರ್ ಚಳಿಯಲ್ಲಿ ಪಾತ್ರೆಗೆ ಟವೆಲ್ಲು ಸುತ್ತಬೇಕು. ಹೆಪ್ಪು ಹಳೆಯದಾಗಿ ಹುಳಿ ಕೆಟ್ಟಿದ್ದರೆ ಎದುರುಮನೆಗೆ ಹೋಗಿ ಒಂದು ಚಮಚ ಕೇಳಿ ತರಬೇಕು. ಹಾಲೇ ಇಲ್ಲದೆ ಖಾಲಿ ಪಾತ್ರೆಗೆ ಎಷ್ಟು ಹೆಪ್ಪು ಸುರಿದರೂ ಮೊಸರಾಗದು. ಈಗಾಗಲೇ ಗಟ್ಟಿ ಮೊಸರಾಗಿರುವುದಕ್ಕೆ ಮತ್ತೆ ಹೆಪ್ಪು ಹಾಕಿದರೆ ಉಪಯೋಗವೂ ಇಲ್ಲ. ಈ ಐದು ಮಾತನ್ನು ಅಡುಗೆಮನೆಯಿಂದ ತಾರಸಿಗೆ ತೆಗೆದುಕೊಂಡು ಹೋದರೆ ಜೀವಾಣು ಗೊಬ್ಬರದ ಬಳಕೆ ಮುಕ್ಕಾಲು ಪಾಲು ಬಂದ ಹಾಗೆ.

ನಾನು ಇದನ್ನು ಕಷ್ಟಪಟ್ಟೇ ಕಲಿತೆ. ಕೆಲವು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಎರಡು ಪ್ಯಾಕೆಟ್ ಕೊಂಡೆ. ಒಂದನ್ನು ಮೆಣಸಿನ ಗಿಡಗಳಿಗೆ ಹಾಕಿದೆ, ಇನ್ನೊಂದನ್ನು ತಾರಸಿಯ ಮೇಲಿನ ಶೀಟ್ ಶೆಡ್ಡಿನಲ್ಲಿ ಕತ್ತರಿ, ದಾರಗಳ ಜೊತೆ ಇಟ್ಟೆ. ಮಾರ್ಚಿ ಏಪ್ರಿಲ್‌ನಲ್ಲಿ ಆ ಶೀಟಿನ ಕೆಳಗೆ ನಿಲ್ಲಲಿಕ್ಕೂ ಆಗುವುದಿಲ್ಲ. ಮಳೆ ಬಂದ ಮೇಲೆ ಬದನೆ ಸಸಿ ನೆಟ್ಟು ಆ ಎರಡನೆಯ ಪ್ಯಾಕೆಟ್ ಹಾಕಿದೆ. ಏನೂ ಆಗಲಿಲ್ಲ. "ಇದೆಲ್ಲ ಮೋಸ" ಎಂದು ಮನಸ್ಸಿಗೆ ಬಂತು. ಆಮೇಲೆ ಖಾಲಿ ಪ್ಯಾಕೆಟ್ ತಿರುಗಿಸಿ ಓದಿದೆ: ಬಿಸಿಲು ತಾಗದ ತಂಪು ಜಾಗದಲ್ಲಿಡಿ ಎಂದು ಬರೆದಿತ್ತು, ಅದರ ಪಕ್ಕದಲ್ಲೇ ಬಾಳಿಕೆಯ ಕಡೆಯ ತಾರೀಖು, ನಾನು ಕೊಳ್ಳುವ ವೇಳೆಗೇ ಮುಗಿಯುತ್ತ ಬಂದಿತ್ತು. ಸತ್ತ ಹೆಪ್ಪನ್ನು ಹಾಕಿ ಹಾಲನ್ನು ದೂರಿದ್ದೆ.

ಆದ್ದರಿಂದ ಪ್ಯಾಕೆಟ್ ಕೊಳ್ಳುವಾಗ ಹಾಲಿನ ಪ್ಯಾಕೆಟ್ ನೋಡುವ ಹಾಗೆ ನೋಡಿ. ತಯಾರಾದ ದಿನ, ಕಡೆಯ ದಿನ, ಯಾವ ಜೀವಾಣು, ಯಾವ ಬೆಳೆಗೆ, ಒಂದು ಗ್ರಾಮಿನಲ್ಲಿ ಎಷ್ಟು ಜೀವ ಎಂಬುದು ಅದರ ಮೇಲೆ ಇರಬೇಕು. 2006ರಿಂದ ನಮ್ಮ ದೇಶದಲ್ಲಿ ಜೀವಾಣು ಗೊಬ್ಬರಗಳೂ ರಸಗೊಬ್ಬರ ನಿಯಂತ್ರಣ ಆಜ್ಞೆಯ ಕೆಳಗೆ ಬಂದಿವೆ. ಪುಡಿಯ ರೂಪದ ರೈಜೋಬಿಯಂ, ಅಜೋಸ್ಪಿರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳಿಗೆ ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಂತ ಕಣ, ದ್ರವದ ರೂಪದಲ್ಲಾದರೆ ಒಂದು ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಇರಬೇಕೆಂಬ ನಿಯಮವಿದೆ. ಅಂಗಡಿಯ ಗಾಜಿನ ಹಿಂದೆ ಬಿಸಿಲಿಗೆ ಬಣ್ಣ ಮಾಸಿದ ಪ್ಯಾಕೆಟ್ಟಿನಲ್ಲಿ ಆ 5 ಕೋಟಿಯಲ್ಲಿ ಎಷ್ಟು ಉಳಿದಿರುತ್ತವೆ ಎಂದು ನೀವೇ ಯೋಚಿಸಿ. ಕೊಂಡ ಮೇಲೆ ಬೇಗ ಬಳಸಿ. ಒಂದು ಪ್ಯಾಕೆಟ್ ಒಂದು ತಾರಸಿಗೆ ಹೆಚ್ಚೇ ಆಗುತ್ತದೆ. ನಮ್ಮ ರಸ್ತೆಯಲ್ಲಿ ನಾವು ನಾಲ್ಕು ಮನೆಯವರು ಒಂದೇ ಪ್ಯಾಕೆಟ್ ತಂದು ಅದೇ ದಿನ ಹಂಚಿಕೊಳ್ಳುತ್ತೇವೆ.

ಮಲ್ಲೇಶ್ವರದವರಿಗೆ ಒಂದು ಅನುಕೂಲವಿದೆ. ತುಮಕೂರು ರಸ್ತೆ ಹಿಡಿದು ಹೋದರೆ ಹೆಸರಘಟ್ಟ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಬೆಂಗಳೂರಿಗೆ ಮೊದಲು ಕೊಳವೆ ನೀರು ಕೊಟ್ಟದ್ದು ಅಲ್ಲಿಯ ಕೆರೆ. ಅದೇ ಊರಿನಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ, 1967ರಲ್ಲಿ ಸ್ಥಾಪನೆಯಾದದ್ದು. ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಕೋಮಲ್ ಹುರುಳಿಕಾಯಿ, ಅರ್ಕಾ ರಕ್ಷಕ್ ಟೊಮೆಟೊ ಎಂದು ನೀವು ಬೀಜದ ಪೊಟ್ಟಣದ ಮೇಲೆ ಓದುತ್ತೀರಲ್ಲ, ಅವೆಲ್ಲ ಅಲ್ಲಿಯ ತಳಿಗಳು. ತರಕಾರಿಗೆಂದೇ ಆ ಸಂಸ್ಥೆಯವರು ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಎಂಬುದನ್ನು ರೂಪಿಸಿದ್ದಾರೆ. ಸಾರಜನಕ ಹಿಡಿಯುವವು, ರಂಜಕ ಮತ್ತು ಸತುವನ್ನು ಕರಗಿಸಿಕೊಡುವವು, ಬೇರಿನ ಬೆಳವಣಿಗೆಗೆ ನೆರವಾಗುವವು, ಇವೆಲ್ಲವೂ ಒಂದೇ ಪುಡಿಯಲ್ಲಿ ಕೂಡಿ ಬಾಳುವ ಹಾಗೆ ಮಾಡಿದ್ದಾರೆ. ಒಂದು ಲೀಟರ್ ನೀರಿಗೆ 20 ಗ್ರಾಂ ಕಲಸಿ ಬೇರಿನ ಬುಡಕ್ಕೆ ಹನಿಸುವುದು ಅವರ ಶಿಫಾರಸು. ಹೊಲಕ್ಕಾದರೆ ಎಕರೆಗೆ 5 ಕಿಲೋ.

ಕಲಸುವ ನೀರಿನ ಬಗ್ಗೆ ಒಂದು ಮಾತು. ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ನಮ್ಮ ಹೊಟ್ಟೆಗೆ ಕೆಟ್ಟ ಬ್ಯಾಕ್ಟೀರಿಯಾ ಹೋಗಬಾರದೆಂದು. ಒಳ್ಳೆಯದು ಕೆಟ್ಟದ್ದು ಎಂಬ ಭೇದ ಕ್ಲೋರಿನ್‌ಗೆ ಗೊತ್ತಿಲ್ಲ. ಹಿಂದಿನ ರಾತ್ರಿಯೇ ಬಕೆಟ್ ತುಂಬಿಸಿ ಬಾಯಿ ತೆರೆದಿಟ್ಟರೆ ಬೆಳಿಗ್ಗೆಗೆ ಬಹುಪಾಲು ಹಾರಿಹೋಗಿರುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. ಹಾಕುವುದು ಸಂಜೆ, ಬಿಸಿಲು ಇಳಿದ ಮೇಲೆ, ಕುಂಡದ ಮಣ್ಣು ಒದ್ದೆಯಾಗಿರುವಾಗ.

ಬೀಜಕ್ಕೇ ಹಚ್ಚುವುದು ಇನ್ನೂ ಚೆನ್ನ. ರೈತರು 200 ಗ್ರಾಂ ರೈಜೋಬಿಯಂ ಪುಡಿಯನ್ನು 10 ಕಿಲೋ ಬೀಜಕ್ಕೆ ಬಳಸುತ್ತಾರೆ. ನಮ್ಮದು ಒಂದು ಹಿಡಿ ಬೀಜ, ಅರ್ಧ ಚಮಚ ಪುಡಿ ಸಾಕು. ಚೂರು ಬೆಲ್ಲವನ್ನು ನೀರಿನಲ್ಲಿ ಕುದಿಸಿ ಪೂರ್ತಿ ಆರಲು ಬಿಡಿ, ಇಲ್ಲವೇ ಅನ್ನ ಬಸಿದ ಗಂಜಿಯನ್ನು ಆರಿಸಿ. ಅದರಲ್ಲಿ ಪುಡಿ ಕಲಸಿ, ಬೀಜವನ್ನು ಹೊರಳಿಸಿ, ಮೊರದ ಮೇಲೆ ನೆರಳಿನಲ್ಲಿ ಹರಡಿ. ಒಣಗಿದ ಕೂಡಲೇ ಬಿತ್ತಿ. ಪೂರ್ತಿ ಆರಲು ಬಿಡಿ ಎಂದೆನಲ್ಲ, ಅದನ್ನು ಮರೆಯಬೇಡಿ. ಬಿಸಿ ಗಂಜಿಗೆ ಪುಡಿ ಹಾಕಿದರೆ ಸುಡುವ ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ. ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನು ನೆಡುವ ಮುಂಚೆ ಅವುಗಳ ಬೇರನ್ನು ಕಾಲು ಗಂಟೆಯಿಂದ ಅರ್ಧ ಗಂಟೆ ಜೀವಾಣು ಪುಡಿ ಕಲಸಿದ ನೀರಿನಲ್ಲಿ ಅದ್ದಿಡಬಹುದು. ಅವಕ್ಕೆ ರೈಜೋಬಿಯಂ ಬೇಡ, ಅಜೋಸ್ಪಿರಿಲಂ ಬೇಕು, ಇಲ್ಲವೇ ಕನ್ಸಾರ್ಷಿಯಂ.

ಕಾಳಿನ ಜಾತಿಯೊಳಗೂ ಒಂದಕ್ಕೆ ಒಗ್ಗಿದ ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಒಗ್ಗದು. ಕಡಲೆಕಾಯಿ, ಅಲಸಂದೆ, ಅವರೆ, ಹೆಸರು ಒಂದೇ ಪಂಕ್ತಿಯವು. ನಮ್ಮ ಕೆಮ್ಮಣ್ಣಿನ ಹೊಲಗಳಲ್ಲಿ ಅವಕ್ಕೆ ಒಗ್ಗುವ ಬ್ಯಾಕ್ಟೀರಿಯಾ ಮೊದಲಿನಿಂದಲೂ ಇವೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ಕಡಲೆಕಾಯಿ ಬೆಳೆಯುತ್ತಿದ್ದರು, ಬಸವ ಬಂದು ಮೇಯುತ್ತಿದ್ದ ಎಂದು ನಮ್ಮ ಪರಿಷೆಯ ಕಥೆ ಹೇಳುತ್ತದಲ್ಲ, ಆ ಹೊಲಗಳ ಮಣ್ಣಿನಲ್ಲೂ ಅವು ಇದ್ದಿರಲೇಬೇಕು. ಹುರುಳಿಕಾಯಿಯ ಪಂಕ್ತಿ ಬೇರೆ, ಬಟಾಣಿಯದು ಬೇರೆ. ಅದರಲ್ಲೂ ಹುರುಳಿಕಾಯಿ ಗಂಟು ಕಟ್ಟುವುದರಲ್ಲಿ ಸ್ವಲ್ಪ ಸೋಮಾರಿ. ಅದಕ್ಕೆ ಒಳ್ಳೆಯ ಕಾಂಪೋಸ್ಟ್ ಜೊತೆಗೆ ಕೊಡಲೇಬೇಕು. ಪ್ಯಾಕೆಟ್ಟಿನ ಮೇಲೆ ಬೆಳೆಯ ಹೆಸರು ಓದಿ ಎಂದದ್ದು ಇದಕ್ಕೇ. ಇನ್ನೊಂದು: ಗಂಟು ಕಟ್ಟಲಿ ಎಂದು ಆಸೆಪಟ್ಟು ಜೊತೆಯಲ್ಲೇ ಯೂರಿಯಾ ಸುರಿದರೆ ಗಿಡ ಬ್ಯಾಕ್ಟೀರಿಯಾವನ್ನು ಒಳಗೆ ಕರೆಯುವುದೇ ಇಲ್ಲ. ಪುಕ್ಕಟೆ ಸಿಗುವಾಗ ಸಕ್ಕರೆ ಖರ್ಚು ಮಾಡಿ ಯಾರನ್ನು ಸಾಕುತ್ತದೆ?

ಗಂಟಿನ ವಿಷಯದಲ್ಲಿ ಚಾಮರಾಜಪೇಟೆಯ ನನ್ನ ಅತ್ತಿಗೆಯ ಮನೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ಒಂದು ದಿನ ಫೋನು ಮಾಡಿದರು. "ಬಾರೇ ಬೇಗ, ನೀನು ಹೇಳಿದ್ದು ನಿಜ ಕಣೇ. ಬೆಂಡೆ ಗಿಡದ ಬೇರಿನ ತುಂಬ ಗಂಟು ಕಟ್ಟಿದೆ!" ದನಿಯಲ್ಲಿ ಅಷ್ಟು ಸಂತೋಷ. ಹೋಗಿ ನೋಡಿದೆ. ಗಿಡ ಗಿಡ್ಡವಾಗಿ ನಿಂತಿತ್ತು, ಮಧ್ಯಾಹ್ನಕ್ಕೆ ಎಲೆ ಜೋತುಬೀಳುತ್ತಿತ್ತು, ನೀರು ಹಾಕಿದರೂ ಏಳುತ್ತಿರಲಿಲ್ಲ. ಬೇರು ಅಲ್ಲಲ್ಲಿ ಊದಿ ಶುಂಠಿಯ ಹಾಗಾಗಿತ್ತು. "ಅತ್ತಿಗೆ, ಈ ಗಂಟನ್ನು ಉಗುರಿನಲ್ಲಿ ಬಿಡಿಸಿ ನೋಡಿ" ಅಂದೆ. ಬಿಡಿಸಲು ಹೋದರು. ಗಂಟು ಬರಲಿಲ್ಲ, ಬೇರೇ ಮುರಿಯಿತು. ಒಳಗೆ ಕೆಂಪೂ ಇಲ್ಲ, ಬರೀ ಬಿಳಿ. ಅವರ ಮುಖ ಸಣ್ಣಗಾಯಿತು. "ಹಾಗಾದರೆ ಇದೇನೇ?" ಅಂದರು.

ಅದು ಬೇರುಗಂಟು ಹುಳು, ನೆಮಟೋಡ್. ಕಣ್ಣಿಗೆ ಕಾಣದ ದಾರದಂಥ ಹುಳು ಬೇರಿನೊಳಗೆ ಹೊಕ್ಕು ಕೂತು ರಸ ಹೀರುತ್ತದೆ. ಬೇರು ತಾನೇ ಊದಿಕೊಂಡು ಗಂಟಾಗುತ್ತದೆ. ಬೆಂಡೆ, ಟೊಮೆಟೊ, ಬದನೆ ಕಾಳಿನ ಜಾತಿಯವಲ್ಲ, ಅವುಗಳ ಬೇರಿನಲ್ಲಿ ಸಾರಜನಕದ ಗಂಟು ಎಂದೂ ಬರುವುದಿಲ್ಲ. ಬಂದರೆ ಅದು ಹುಳುವಿನದೇ. ಅವರೆ, ಅಲಸಂದೆಯಲ್ಲಿ ಮಾತ್ರ ಎರಡೂ ಬರಬಹುದು, ಅಲ್ಲಿ ಉಗುರಿನ ಪರೀಕ್ಷೆಯೇ ಪರೀಕ್ಷೆ. ಬೇರಿನ ಪಕ್ಕದಲ್ಲಿ ಮಣಿಯ ಹಾಗೆ ಅಂಟಿಕೊಂಡಿದ್ದು ತಟ್ಟಿದರೆ ಕಳಚಿ, ಒಳಗೆ ನಸುಗೆಂಪಿದ್ದರೆ ಸ್ನೇಹಿತ. ಬೇರೇ ಊದಿದ್ದು ಕೀಳಲು ಬಾರದೇ ಇದ್ದರೆ ಶತ್ರು. ಅತ್ತಿಗೆಯ ಆ ಕುಂಡದ ಗಿಡವನ್ನು ಬೇರು ಸಮೇತ ತೆಗೆದು ಕಸಕ್ಕೆ ಕೊಟ್ಟೆವು, ಕಾಂಪೋಸ್ಟ್ ಡಬ್ಬಕ್ಕೆ ಹಾಕಲಿಲ್ಲ. ಮಣ್ಣನ್ನು ಬೇಸಿಗೆಯ ಬಿಸಿಲಿನಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಾಯಿಸಿ, ಬೇವಿನ ಹಿಂಡಿ ಬೆರೆಸಿ, ಮುಂದಿನ ಸಲ ಅದರಲ್ಲಿ ಚೆಂಡುಹೂವು ಹಾಕಿದರು. ಬಿಸಿಲಿಗೆ ಕಾದ ಮಣ್ಣಿನಲ್ಲಿ ಒಳ್ಳೆಯ ಜೀವಗಳೂ ಕಮ್ಮಿಯಾಗುತ್ತವೆ. ಹೆಪ್ಪು ಹಾಕಲು ಅದಕ್ಕಿಂತ ಸರಿಯಾದ ಸಮಯವಿಲ್ಲ.

ಕಾಳಿನ ಜಾತಿಯಲ್ಲದ ತರಕಾರಿಗೆ ಬ್ಯಾಕ್ಟೀರಿಯಾ ಹೇಗೆ ನೆರವಾಗುತ್ತದೆ ಎಂದು ನೀವು ಕೇಳಬಹುದು. ಗಂಟು ಕಟ್ಟದೆ ಬೇರಿನ ಮೈಮೇಲೆಯೇ ಬಾಳುವ ಬ್ಯಾಕ್ಟೀರಿಯಾಗಳಿವೆ. ಬೇರು ಸುಮ್ಮನೆ ನೀರು ಕುಡಿಯುತ್ತ ಕೂತಿರುವುದಿಲ್ಲ. ಅದು ಸಕ್ಕರೆ, ಆಮ್ಲ ಮೊದಲಾದವನ್ನು ಮಣ್ಣಿಗೆ ಜಿನುಗಿಸುತ್ತ ಇರುತ್ತದೆ, ಅದನ್ನು ತಿನ್ನಲು ಬ್ಯಾಕ್ಟೀರಿಯಾಗಳು ಮುತ್ತುತ್ತವೆ. ಹಿಲ್ಟ್‌ನರ್ ಎಂಬ ಜರ್ಮನ್ ವಿಜ್ಞಾನಿ 1904ರಲ್ಲೇ ಬೇರಿನ ಸುತ್ತಲ ಈ ಪರಿಸರಕ್ಕೆ ಒಂದು ಹೆಸರಿಟ್ಟಿದ್ದರು. ಅಮೆರಿಕದ ಕ್ಲೋಪರ್ ಮತ್ತು ಶ್ರಾತ್ 1978ರಲ್ಲಿ, ಗಿಡದ ಬೆಳವಣಿಗೆ ಹೆಚ್ಚಿಸುವ ಬೇರಿನ ಬ್ಯಾಕ್ಟೀರಿಯಾಗಳು ಎಂದು ಇವನ್ನೇ ಬೇರೆಯಾಗಿ ಗುರುತಿಸಿದರು. ಅವರು ಪ್ರಯೋಗ ಮಾಡಿದ್ದು ನಾವು ದಿನವೂ ಹುಳಿಗೆ ಹಾಕುವ ಮೂಲಂಗಿಯ ಮೇಲೆ. ಇಂಥವುಗಳಲ್ಲಿ ಸೂಡೋಮೊನಾಸ್ ಫ್ಲೋರೆಸೆನ್ಸ್ ಎಂಬುದು ಸುತ್ತಲಿನ ಕಬ್ಬಿಣದ ಅಂಶವನ್ನು ತಾನೇ ಬಾಚಿಕೊಂಡು ರೋಗದ ಶಿಲೀಂಧ್ರಗಳನ್ನು ಉಪವಾಸ ಕೆಡವುತ್ತದೆ. ಅಜೋಸ್ಪಿರಿಲಂ ಸಾರಜನಕದ ಜೊತೆಗೆ ಬೇರು ಕವಲೊಡೆಯುವ ಹಾರ್ಮೋನನ್ನೂ ಕೊಡುತ್ತದೆ. ಬ್ಯಾಸಿಲಸ್ ಜಾತಿಯವು ಕಷ್ಟಕಾಲದಲ್ಲಿ ಗಟ್ಟಿ ಕವಚ ಕಟ್ಟಿಕೊಂಡು ಮಲಗುತ್ತವೆ. ಅದಕ್ಕೇ ಆ ಪ್ಯಾಕೆಟ್ಟು ಉಳಿದವಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಬೆಂಗಳೂರಿನ ಕೆಮ್ಮಣ್ಣಿಗೆ ಬಹಳ ಬೇಕಾದವು ರಂಜಕ ಕರಗಿಸುವವು. ಆ ಕೆಂಪು ಕಬ್ಬಿಣದ್ದು. ನಾವು ಹಾಕಿದ ರಂಜಕವನ್ನು ಕಬ್ಬಿಣ ಅಪ್ಪಿ ಹಿಡಿದುಕೊಳ್ಳುತ್ತದೆ, ಬೇರಿಗೆ ಬಿಡುವುದಿಲ್ಲ. ಕಪಾಟಿನಲ್ಲಿ ಬೀಗ ಹಾಕಿಟ್ಟ ಧಾನ್ಯದ ಹಾಗೆ, ಮನೆಯಲ್ಲಿ ಇದ್ದೂ ಊಟಕ್ಕಿಲ್ಲ. ಈ ಬ್ಯಾಕ್ಟೀರಿಯಾಗಳು ಸಣ್ಣ ಸಣ್ಣ ಆಮ್ಲಗಳನ್ನು ಸೂಸಿ ಬೀಗ ತೆಗೆಯುತ್ತವೆ. ದೂರದ ರಂಜಕವನ್ನು ಬೇರಿನ ತನಕ ಸಾಗಿಸಿ ತರುವ ಕೆಲಸ ಮೈಕೊರೈಜಾ ಎಂಬ ಶಿಲೀಂಧ್ರದ್ದು. ಅದರ ಮೇಲೆ ನಮ್ಮ ಕೃಷಿ ವಿಶ್ವವಿದ್ಯಾಲಯದಲ್ಲಿ, ಅಂದರೆ ಜಿಕೆವಿಕೆಯಲ್ಲಿ, ಪ್ರೊಫೆಸರ್ ಡಿ. ಜೆ. ಭಾಗ್ಯರಾಜ್ ದಶಕಗಳ ಕಾಲ ದುಡಿದಿದ್ದಾರೆ. ಅದು ಬ್ಯಾಕ್ಟೀರಿಯಾ ಅಲ್ಲವಾದ್ದರಿಂದ ಇವತ್ತು ಹೆಚ್ಚು ಹೇಳುವುದಿಲ್ಲ.

ಇನ್ನು ಹಾಲಿನ ಮಾತು. ಬ್ಯಾಕ್ಟೀರಿಯಾಕ್ಕೆ ಹಾಲು ಎಂದರೆ ಮಣ್ಣಿನಲ್ಲಿ ಕೊಳೆಯುವ ಪದಾರ್ಥ: ಕಾಂಪೋಸ್ಟ್, ಎರೆಗೊಬ್ಬರ, ಒಣಗಿದೆಲೆ. ಈ ವಿದ್ಯೆಯಲ್ಲಿ ನಮ್ಮ ಊರಿನ ಹೆಸರು ಪುಸ್ತಕಗಳಲ್ಲೇ ಇದೆ. ಮಲ್ಲೇಶ್ವರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ. ಎನ್. ಆಚಾರ್ಯ ಅವರು 1939ರ ಸುಮಾರಿಗೆ ರೂಪಿಸಿದ ಕಾಂಪೋಸ್ಟ್ ವಿಧಾನಕ್ಕೆ "ಬೆಂಗಳೂರು ವಿಧಾನ" ಎಂದೇ ಹೆಸರು. ಊರಿನ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ಪದೇ ಪದೇ ತಿರುವಿ ಹಾಕದೆ ತಿಂಗಳುಗಟ್ಟಲೆ ಬಿಡುವುದು. ಮೊದಲ ದಿನಗಳಲ್ಲಿ ಏರುವ ಶಾಖಕ್ಕೆ ರೋಗಾಣು ಸಾಯುತ್ತವೆ, ಆಮೇಲೆ ನಿಧಾನವಾಗಿ ಎಲ್ಲವೂ ಮಾಗುತ್ತದೆ. ಸರ್ ಆಲ್ಬರ್ಟ್ ಹೋವರ್ಡ್ ಅವರ ಇಂದೋರ್ ವಿಧಾನದ ಜೊತೆಜೊತೆಗೇ ಪ್ರಪಂಚದ ಕೃಷಿ ಪುಸ್ತಕಗಳು ಈಗಲೂ ಇದನ್ನು ಕಲಿಸುತ್ತವೆ. ಹೀಗಿದ್ದೂ ಫೆಬ್ರವರಿ, ಮಾರ್ಚಿಯಲ್ಲಿ ನಮ್ಮ ರಸ್ತೆಗಳಲ್ಲಿ ಹೊಂಗೆ ಎಲೆ ಉದುರಿದಾಗ ಅದನ್ನು ಗುಡ್ಡೆ ಮಾಡಿ ಬೆಂಕಿ ಇಡುವುದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಹೊಂಗೆಯೂ ಕಾಳಿನ ಜಾತಿಯ ಮರ, ಅದರ ಬೇರಿನಲ್ಲೂ ಗಂಟಿದೆ. ನಮ್ಮ ರೈತರು ತಲೆತಲಾಂತರದಿಂದ ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಯುತ್ತಿದ್ದುದು ಸುಮ್ಮನಲ್ಲ. ಮನೆ ಮುಂದೆ ಬಿದ್ದ ಎಲೆಯನ್ನು ಒಂದು ಚೀಲದಲ್ಲಿ ತುಂಬಿ ಕುಂಡಗಳಿಗೆ ಎರಡು ಬೆರಳು ದಪ್ಪ ಹೊದಿಸಿ. ಬಿಸಿಲಿಗೆ ಮಣ್ಣು ಕಾಯುವುದಿಲ್ಲ, ತೇವ ಉಳಿಯುತ್ತದೆ, ಕೊಳೆತ ಹಾಗೆಲ್ಲ ಬ್ಯಾಕ್ಟೀರಿಯಾಕ್ಕೆ ಊಟ.

ಜೀವಾಮೃತ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಸಗಣಿ, ಗಂಜಲ, ಬೆಲ್ಲ, ಕಾಳಿನ ಹಿಟ್ಟು, ಒಂದು ಹಿಡಿ ಒಳ್ಳೆಯ ಮಣ್ಣು, ಇವುಗಳ ಆ ಹುದುಗಿನಲ್ಲಿ ಜೀವ ತುಂಬಿರುತ್ತದೆ, ನಿಜ. ಯಾವ ಜೀವ, ಎಷ್ಟು ಎಂಬುದು ಮಾತ್ರ ಪ್ರತಿಸಲವೂ ಬೇರೆ. ಮಣ್ಣನ್ನು ಒಟ್ಟಾರೆ ಜೀವಂತವಾಗಿಡಲು ಅದು ಒಳ್ಳೆಯದು. ಹುರುಳಿಕಾಯಿಗೆ ಅದರದೇ ರೈಜೋಬಿಯಂ ಬೇಕೆಂದಾಗ ಪ್ಯಾಕೆಟ್ಟೇ ಬೇಕು. ನಾನು ಎರಡನ್ನೂ ಬಳಸುತ್ತೇನೆ. ಯಾವುದನ್ನು ಬಳಸಿದರೂ ತಾಮ್ರದ ಔಷಧಿ ಸುರಿದ ಕುಂಡಕ್ಕೆ ಕೂಡಲೇ ಹಾಕಬೇಡಿ, ಒಂದೆರಡು ವಾರ ಬಿಡಿ.

ಪ್ರಯೋಜನ ನಿಜವಾಗಿಯೂ ಆಯಿತೇ ಎಂದು ತಿಳಿಯುವುದಕ್ಕೆ ನಾನು ಜೋಡಿ ಕುಂಡ ಇಡುತ್ತೇನೆ. ಒಂದೇ ಮಣ್ಣು, ಒಂದೇ ಬೀಜ, ಒಂದೇ ಬಿಸಿಲು, ಒಂದಕ್ಕೆ ಹೆಪ್ಪು, ಇನ್ನೊಂದಕ್ಕೆ ಬರೀ ನೀರು, ಗುರುತಿಗೆ ಒಂದು ಕಡ್ಡಿ. ಹೊಸ ಕೋಕೋಪೀಟಿನಲ್ಲಿ ಅಲಸಂದೆ ಹಾಕಿದಾಗ ನಾಲ್ಕನೇ ವಾರಕ್ಕೇ ಎಲೆಯ ಹಸಿರಿನಲ್ಲಿ ವ್ಯತ್ಯಾಸ ಕಂಡಿತು. ದೂರದಿಂದ ನೋಡಿ ಮೊಮ್ಮಗಳು ಹೇಳಿದಳು ಯಾವುದು ಯಾವುದೆಂದು. ಹತ್ತು ವರ್ಷದಿಂದ ಎಲೆ, ಗೊಬ್ಬರ ತಿನ್ನಿಸಿಕೊಂಡು ಬಂದ ನನ್ನ ಹಳೆಯ ಸಿಮೆಂಟ್ ತೊಟ್ಟಿಯಲ್ಲಿ ಅದೇ ಪ್ರಯೋಗ ಮಾಡಿದೆ. ಎರಡೂ ಕಡೆ ಒಂದೇ ಹಸಿರು, ಒಂದೇ ಕಾಯಿ. ಅಲ್ಲಿ ಮೊಸರು ಆಗಲೇ ಆಗಿತ್ತು. ಆ ತೊಟ್ಟಿಗೆ ಈಗ ನಾನು ಪ್ಯಾಕೆಟ್ ಹಾಕುವುದಿಲ್ಲ, ಆ ತೊಟ್ಟಿಯ ಮಣ್ಣನ್ನೇ ಒಂದೊಂದು ಹಿಡಿ ಹೊಸ ಕುಂಡಗಳಿಗೆ ಹಾಕುತ್ತೇನೆ. ಹಿಂದಿನ ಕಾಲದಲ್ಲಿ, ಈ ಪ್ಯಾಕೆಟ್ಟುಗಳು ಬರುವ ಮುಂಚೆ, ಕಾಳು ಚೆನ್ನಾಗಿ ಬೆಳೆದ ಹೊಲದ ಮಣ್ಣನ್ನು ಹೊಸ ಹೊಲಕ್ಕೆ ಎರಚುವುದು ಬೇರೆ ಬೇರೆ ದೇಶದ ರೈತರಿಗೂ ಗೊತ್ತಿದ್ದ ಉಪಾಯ.

ಆ ಕಡಲೆಕಾಯಿ ಬೇರು ತೊಳೆದ ಬಕೆಟ್ ನೀರನ್ನು ನಾನು ಚೆಲ್ಲಲಿಲ್ಲ. ಬೇರನ್ನು ಕೊನೆಯಿಂದ ಕೊನೆಯವರೆಗೂ ಬೆರಳಲ್ಲಿ ಸವರಿ, ಹುಳುವಿನ ಊತ ಎಲ್ಲೂ ಇಲ್ಲವೆಂದು ನೋಡಿದೆ. ಕಳಚಿಕೊಂಡ ಗಂಟುಗಳನ್ನು ಅದೇ ನೀರಿನಲ್ಲಿ ಬೆರಳಿನಿಂದ ಹಿಸುಕಿದೆ. ನೆರಳಿನಲ್ಲಿ ಎರಡು ಹೊಸ ಕುಂಡ ಕಾದಿದ್ದವು, ಒಳಗೆ ಕೋಕೋಪೀಟು, ಕಾಂಪೋಸ್ಟು, ಮೇಲೆ ಹೊಂಗೆ ಎಲೆ. ಎಲೆಯನ್ನು ಸರಿಸಿ ಎರಡಕ್ಕೂ ಆರಾರು ಅಲಸಂದೆ ಬೀಜ ಊರಿದೆ. ಒಂದಕ್ಕೆ ಆ ಕೆಂಪು ನೀರು ಹಾಕಿದೆ, ಇನ್ನೊಂದಕ್ಕೆ ರಾತ್ರಿಯೆಲ್ಲ ತೆರೆದಿಟ್ಟಿದ್ದ ನಲ್ಲಿ ನೀರು, ಕಡ್ಡಿ ಚುಚ್ಚಿದೆ. ಬೇಯಿಸಿದ ಕಡಲೆಕಾಯಿಯನ್ನು ಆ ಸಂಜೆ ಮನೆಮಂದಿಯೆಲ್ಲ ತಾರಸಿಯಲ್ಲೇ ಕೂತು ತಿಂದೆವು. ನಿನ್ನೆ ಬೆಳಿಗ್ಗೆ ಮೊದಲ ಮೊಳಕೆ ಎಲೆಯನ್ನು ತಲೆಯ ಮೇಲೆ ಹೊತ್ತು ಬಂದಿದೆ. ಸಂಕ್ರಾಂತಿಯ ಹೊತ್ತಿಗೆ ಎರಡೂ ಕುಂಡದಿಂದ ಒಂದೊಂದು ಗಿಡ ಕಿತ್ತು, ಬೇರು ತೊಳೆದು ನೋಡುತ್ತೇನೆ.